ಎರಡು ಸಾವಿರ ಅಡಿಯ ಗೆರೆ

ನಮ್ಮ ಠಾಣೆಗಳ ರೌಡಿ ಪಟ್ಟಿಯ ಹಾಗೆ, ಭಾರತದಲ್ಲಿ 2018ರಲ್ಲಿ ಆರಂಭವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿಯೂ ತನಿಖಾ ಸಂಸ್ಥೆಗಳ ಬಳಕೆಗಷ್ಟೇ ಮೀಸಲು. ಅಮೆರಿಕದಲ್ಲಿ ಹಾಗಲ್ಲ. 1947ರಲ್ಲಿ ಕ್ಯಾಲಿಫೋರ್ನಿಯಾ ಇಂಥವರ ನೋಂದಣಿ ಶುರು ಮಾಡಿದಾಗ ಅದು ಪೊಲೀಸರ ಕೈಯಲ್ಲೇ ಇತ್ತು. 1994ರ ಕೇಂದ್ರ ಕಾನೂನು ನೋಂದಣಿಯನ್ನು ಎಲ್ಲ ರಾಜ್ಯಗಳಿಗೂ ಹಬ್ಬಿಸಿತು. ಅದೇ ವರ್ಷ ನ್ಯೂಜೆರ್ಸಿಯಲ್ಲಿ ಏಳು ವರ್ಷದ ಬಾಲಕಿಯನ್ನು ನೆರೆಮನೆಯವನೊಬ್ಬ ಕೊಂದ. ಅವನು ಹಿಂದೆಯೂ ಮಕ್ಕಳ ಮೇಲಿನ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದವನು. ಪಕ್ಕದಲ್ಲಿ ಯಾರಿದ್ದಾರೆಂದು ಆ ಮಗುವಿನ ಹೆತ್ತವರಿಗೆ ಯಾರೂ ಹೇಳಿರಲಿಲ್ಲ. 1996ರಲ್ಲಿ ಇಂಥ ಮಾಹಿತಿಯನ್ನು ಜನರಿಗೆ ತಿಳಿಸುವುದು ಕಡ್ಡಾಯವಾಯಿತು. ಆ ಸಂಕಟದ ಮುಂದೆ ಯಾರು ತಾನೇ ಬೇಡ ಎನ್ನಬಲ್ಲರು?

ಅಯೋವಾ ರಾಜ್ಯ ಇನ್ನೂ ಮುಂದೆ ಹೋಯಿತು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರು ಶಾಲೆ, ಶಿಶುವಿಹಾರಗಳಿಂದ 2000 ಅಡಿಯೊಳಗೆ ವಾಸಿಸಕೂಡದೆಂದು 2002ರಲ್ಲಿ ಕಾನೂನು ಮಾಡಿತು. ಕೋರ್ಟಿನ ತಡೆ ತೆರವಾಗಿ 2005ರಲ್ಲಿ ಅದು ಜಾರಿಗೆ ಬಂತು. ಸಣ್ಣ ಊರಿನ ನಕ್ಷೆಯಲ್ಲಿ ಶಾಲೆಯ ಸುತ್ತ ಅಷ್ಟು ದೂರಕ್ಕೆ ಗೆರೆ ಎಳೆದರೆ ಊರೇ ಅದರೊಳಗೆ ಬಂದುಬಿಡುತ್ತದೆ. ಮನೆ ಸಿಗದವರು ಕಾರಿನಲ್ಲಿ, ಸೇತುವೆಯ ಕೆಳಗೆ ಮಲಗಿದರು. ಕೆಲವರು ಸುಳ್ಳು ವಿಳಾಸ ಕೊಟ್ಟರು, ಕೆಲವರು ಕಾಣೆಯಾದರು. ಕೆಲವೇ ತಿಂಗಳಲ್ಲಿ ಪತ್ತೆಯಿಲ್ಲದವರ ಸಂಖ್ಯೆ ಎರಡು ಪಟ್ಟಿಗೂ ಮೀರಿತು. ಎಲ್ಲಿದ್ದಾರೆಂದು ತಿಳಿಯಲು ಮಾಡಿದ ಪಟ್ಟಿ, ಎಲ್ಲಿದ್ದಾರೋ ತಿಳಿಯದವರ ಪಟ್ಟಿಯಾಗತೊಡಗಿತು!

2006ರ ಆರಂಭದಲ್ಲಿ ಆ ರಾಜ್ಯದ ಕೌಂಟಿ ಸರ್ಕಾರಿ ವಕೀಲರ ಸಂಘ ಇದನ್ನು ಬಹಿರಂಗವಾಗಿ ವಿರೋಧಿಸಿತು. ಇವರು ಆರೋಪಿಗಳ ಪರ ವಾದಿಸುವವರಲ್ಲ, ಅವರನ್ನು ಜೈಲಿಗೆ ಕಳಿಸುವವರು. ಅದೂ ಅಲ್ಲಿ ಈ ವಕೀಲರು ಜನರ ಮತದಿಂದ ಆರಿಸಿಬರಬೇಕು. ಹೀಗಿದ್ದೂ ಅವರು ಹೇಳಿದರು: ಈ ಅಂತರದಿಂದ ಅಪರಾಧ ಕಡಿಮೆಯಾದುದಕ್ಕೆ ಆಧಾರವಿಲ್ಲ, ಮಕ್ಕಳನ್ನು ಹಿಂಸಿಸುವವರು ಹೆಚ್ಚಾಗಿ ಬಂಧುಗಳು ಮತ್ತು ಪರಿಚಿತರೇ. ಮನೆಯೊಳಗಿರುವವನಿಗೆ ಎರಡು ಸಾವಿರ ಅಡಿ ಯಾವ ಲೆಕ್ಕ?

ಅವರ ಇನ್ನೊಂದು ಮಾತು ನನ್ನನ್ನು ಹೆಚ್ಚು ತಟ್ಟಿತು. ಮುಂದಿನ ಬದುಕಿಗೆ ಹೆದರಿ ಆರೋಪಿಗಳು ತಪ್ಪೊಪ್ಪಿಕೊಳ್ಳುವುದು ಕಡಿಮೆಯಾಗಿತ್ತು. ತಪ್ಪೊಪ್ಪಿಕೊಂಡರೆ ಮಗು ನ್ಯಾಯಾಲಯದ ಕಟಕಟೆ ಏರಬೇಕಿಲ್ಲ. ಒಪ್ಪದಿದ್ದರೆ, ನಡೆದುದನ್ನೆಲ್ಲ ಅದೇ ಮಗು ಅಪರಿಚಿತರ ಮುಂದೆ ಮತ್ತೆ ಹೇಳಬೇಕು. ಅಪರಾಧಿಗೆ ಹಾಕಿದ ಗೆರೆ ಮಗುವಿನ ಮೈಮೇಲೆ ಹಾದುಹೋಗಿತ್ತು.

ಶಾಸಕರಿಗೆ ಇದನ್ನು ಒಪ್ಪಲು ಮೂರು ವರ್ಷ ಬೇಕಾಯಿತು. 2009ರಲ್ಲಿ ವಾಸದ ನಿರ್ಬಂಧವನ್ನು ಅತಿ ಗಂಭೀರ ಅಪರಾಧಗಳಿಗಷ್ಟೇ ಉಳಿಸಿಕೊಂಡರು. ಉಳಿದವರು ಎಲ್ಲಿ ಮಲಗುತ್ತಾರೆ ಎನ್ನುವುದಕ್ಕಿಂತ ಹಗಲಲ್ಲಿ ಶಾಲೆಯ ಆವರಣದ ಹತ್ತಿರ ಸುಳಿಯುತ್ತಾರೆಯೇ ಎಂದು ನೋಡತೊಡಗಿದರು.