ಕೋಲ್‌ಸ್ಲಾ

ಹಸಿ ಎಲೆಕೋಸನ್ನು ಎಳೆಎಳೆಯಾಗಿ ಹೆಚ್ಚಿ, ಹುಳಿ ಮತ್ತು ಜಿಡ್ಡು ಕೂಡಿದ ಡ್ರೆಸ್ಸಿಂಗಿನಲ್ಲಿ ಕಲಸಿ, ಹೆಚ್ಚಾಗಿ ತಣ್ಣಗೆ ಬಡಿಸುವ ಸಲಾಡು. ಬೆಳೆದದ್ದು ಅಮೆರಿಕದಲ್ಲಾದರೂ ಮೂಲ ಡಚ್ಚರ ಅಡುಗೆಮನೆಯದು. ಡಚ್ ಭಾಷೆಯಲ್ಲಿ ಕೋಲ್ ಎಂದರೆ ಕೋಸು. ಸ್ಲಾ ಎಂಬುದು ಸಲಾಡಿನ ಮೊಟಕು ರೂಪ. ಇಂದು ಹೆಸರು ಕೇಳಿದೊಡನೆ ಬಿಳಿ ಮಯೋನೀಸ್ ಕಣ್ಣಿಗೆ ಕಟ್ಟುತ್ತದೆ. ಆದರೆ ಮಯೋನೀಸ್ ಈ ತಿನಿಸಿಗೆ ತಡವಾಗಿ ಬಂದು ಸೇರಿದ್ದು. ಕೋಲ್‌ಸ್ಲಾ ಚೆನ್ನಾಗಿ ಬರುವುದೂ ಕೆಡುವುದೂ ಕೋಸಿನೊಳಗಿನ ನೀರಿನಿಂದ.

ಹದಿನೇಳನೆಯ ಶತಮಾನದಲ್ಲಿ ಹಡ್ಸನ್ ನದಿಯ ದಂಡೆಯಲ್ಲಿ ಡಚ್ಚರು ನೆಲೆಯೂರಿದರು. 1664ರಲ್ಲಿ ಆ ವಸಾಹತು ಇಂಗ್ಲಿಷರ ಕೈಸೇರಿ ನ್ಯೂಯಾರ್ಕ್ ಆಯಿತು. ಆಳುವವರು ಬದಲಾದರೂ ಅಲ್ಲಿನ ಡಚ್ ಮನೆಗಳ ಊಟ ಬದಲಾಗಲಿಲ್ಲ. ಸಸ್ಯವಿಜ್ಞಾನಿ ಲಿನೇಯಸನ ಶಿಷ್ಯ ಪೇರ್ ಕಾಲ್ಮ್ 1749ರಲ್ಲಿ ಆಲ್ಬನಿ ಊರಿನಲ್ಲಿ ತಂಗಿದ್ದಾಗ ಮನೆಯೊಡತಿ ಬಡಿಸಿದ ಹೊಸ ಬಗೆಯ ಸಲಾಡನ್ನು ತನ್ನ ದಿನಚರಿಯಲ್ಲಿ ವರ್ಣಿಸಿದ್ದಾನೆ. ಉದ್ದುದ್ದ ಸಣ್ಣಗೆ ಹೆಚ್ಚಿದ ಕೋಸು, ಎಣ್ಣೆ, ವಿನೆಗರ್, ಉಪ್ಪು, ಮೆಣಸು. ಇಷ್ಟನ್ನೇ ಚೆನ್ನಾಗಿ ಕಲಸಿದ್ದು. ಅವನಿಗೆ ಅದು ತುಂಬ ರುಚಿಸಿತು. 1796ರಲ್ಲಿ ಅಮೀಲಿಯಾ ಸಿಮನ್ಸ್ ಪ್ರಕಟಿಸಿದ ‘ಅಮೆರಿಕನ್ ಕುಕರಿ’ಯಲ್ಲಿ ಸ್ಲಾ ಎಂಬ ಮಾತು ಅಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮುಂದೆ ಅಮೆರಿಕದ ಗೃಹಿಣಿಯರು ಮೊಟ್ಟೆ, ವಿನೆಗರ್, ಸಾಸಿವೆಗಳನ್ನು ಒಲೆಯ ಮೇಲೆ ಕಾಯಿಸಿ ಗಟ್ಟಿ ಮಾಡಿದ ಡ್ರೆಸ್ಸಿಂಗ್ ಬಳಸತೊಡಗಿದರು. ಜರ್ಮನಿಯಿಂದ ವಲಸೆ ಬಂದ ರಿಚರ್ಡ್ ಹೆಲ್ಮನ್ 1905ರಲ್ಲಿ ನ್ಯೂಯಾರ್ಕಿನಲ್ಲಿ ತಿನಿಸಿನ ಅಂಗಡಿ ತೆರೆದು, 1912ರ ಹೊತ್ತಿಗೆ ಮಯೋನೀಸನ್ನು ಗಾಜಿನ ಜಾಡಿಗಳಲ್ಲಿ ತುಂಬಿ ಮಾರತೊಡಗಿದ. ಮನೆಯಲ್ಲಿ ಕಡೆಯುವ ಶ್ರಮ ತಪ್ಪಿದ ಮೇಲೆಯೇ ಬಿಳಿ ಕೋಲ್‌ಸ್ಲಾ ದೇಶದ ತುಂಬ ಹರಡಿತು.

ಎಲೆಕೋಸಿನ ತೂಕದಲ್ಲಿ ನೂರಕ್ಕೆ ಸುಮಾರು 92 ಪಾಲು ನೀರು. ಉಪ್ಪು ಅಥವಾ ಸಕ್ಕರೆ ತಗುಲಿದೊಡನೆ ಆ ನೀರು ಜೀವಕೋಶಗಳಿಂದ ಹೊರಬರುತ್ತದೆ. ಕಲಸಿದ ಕೂಡಲೇ ಗಟ್ಟಿಯಾಗಿ ಕಂಡ ಕೋಲ್‌ಸ್ಲಾ ಎರಡು ಗಂಟೆಯಲ್ಲಿ ಬಟ್ಟಲಿನ ತಳದಲ್ಲಿ ತೆಳ್ಳಗಿನ ಹಾಲಿನಂಥ ರಸ ಬಿಡುವುದು ಇದರಿಂದಲೇ. ಕೋಸಂಬರಿಗೆ ಎಲೆ ಹಾಕುವ ಹೊತ್ತಿಗೆ ಉಪ್ಪು ಬೆರೆಸುವುದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ. ಪರಿಹಾರ ಎರಡುಂಟು. ಒಂದು, ತಿನ್ನುವ ತುಸು ಮುನ್ನವಷ್ಟೇ ಕಲಸುವುದು. ಇನ್ನೊಂದು, ನೀರನ್ನು ಮೊದಲೇ ತೆಗೆದುಬಿಡುವುದು: ಅರ್ಧ ಕಿಲೋ ಹೆಚ್ಚಿದ ಕೋಸಿಗೆ ಒಂದು ಟೀ ಚಮಚ ಉಪ್ಪು ಸವರಿ ತೂತಿನ ಪಾತ್ರೆಯಲ್ಲಿ ಒಂದು ಗಂಟೆ ಇಟ್ಟರೆ ರಸ ಇಳಿಯುತ್ತದೆ. ಆಮೇಲೆ ತಣ್ಣೀರಿನಲ್ಲಿ ಒಮ್ಮೆ ಜಾಲಾಡಿ, ಹಿಂಡಿ, ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು. ಎಳೆಗಳು ಬಾಗುವಷ್ಟು ಮೆತ್ತಗಾದರೂ ಹಲ್ಲಿಗೆ ಸಿಕ್ಕಾಗ ಕರುಂ ಎನ್ನುವುದು ಹೋಗುವುದಿಲ್ಲ. ಎರಡನೆಯ ದಾರಿಯೇ ಮೇಲು. ಮಾರನೆಯ ದಿನಕ್ಕೂ ರುಚಿ ನಿಲ್ಲುತ್ತದೆ.

ಕೋಸು ಬಿಗಿಯಾಗಿ, ಕೈಗೆ ಭಾರವಾಗಿ ಇರಬೇಕು. ನಾಲ್ಕು ಹೋಳು ಮಾಡಿ ನಡುವಿನ ದಿಂಡು ತೆಗೆದು, ಹರಿತವಾದ ಚಾಕು ಅಥವಾ ಈಳಿಗೆಮಣೆಯಲ್ಲಿ ಸಣ್ಣಗೆ ಹೆಚ್ಚಬೇಕು. ಮಿಕ್ಸಿಗೆ ಹಾಕಿದರೆ ನುಚ್ಚಾಗಿ ನೀರೊಡೆಯುತ್ತದೆ. ಹೆಚ್ಚಿದಾಗ ಬರುವ ಘಾಟಿಗೂ ಕಾರಣವಿದೆ. ಕೋಸು ಸಾಸಿವೆಯ ಕುಟುಂಬದ್ದು. ಜೀವಕೋಶ ಒಡೆದಾಗ ಅದರಲ್ಲಿನ ಗಂಧಕಯುಕ್ತ ವಸ್ತುವಿನ ಮೇಲೆ ಕಿಣ್ವವೊಂದು ಕೆಲಸ ಮಾಡಿ ಸಾಸಿವೆಯ ಖಾರವನ್ನೇ ಹುಟ್ಟಿಸುತ್ತದೆ. ಡ್ರೆಸ್ಸಿಂಗಿಗೆ ಅರ್ಧ ಚಮಚ ಸಾಸಿವೆ ಪೇಸ್ಟು ಬೆರೆಸಿದರೆ ಅಷ್ಟು ಹೊಂದಿಕೊಳ್ಳುವುದು ಈ ನಂಟಿನಿಂದ.

ಅರ್ಧ ಕಿಲೋ ಕೋಸು, ತುರಿದ ಒಂದು ಕ್ಯಾರೆಟ್‌ಗೆ ಅರ್ಧ ಕಪ್ ಮಯೋನೀಸ್, ಒಂದು ದೊಡ್ಡ ಚಮಚ ವಿನೆಗರ್, ಎರಡು ಟೀ ಚಮಚ ಸಕ್ಕರೆ, ಮೆಣಸಿನ ಪುಡಿ ಸಾಕು. ಅಂಗಡಿಯ ಕೋಲ್‌ಸ್ಲಾದಲ್ಲಿ ಸಾಮಾನ್ಯವಾಗಿ ಸಕ್ಕರೆ ಅತಿ, ಹುಳಿ ಕಡಿಮೆ. ಮನೆಯಲ್ಲಿ ಮಾಡುವುದರ ದೊಡ್ಡ ಲಾಭ ಇದನ್ನು ತಿದ್ದಿಕೊಳ್ಳಬಹುದೆಂಬುದೇ. ಅಮೆರಿಕದವರು ಸೆಲರಿ ಬೀಜವನ್ನೂ ಹಾಕುತ್ತಾರೆ. ಮೊಟ್ಟೆ ಬೇಡವೆನ್ನುವವರು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರನ್ನು ಬಳಸಬಹುದು. ಆಗ ವಿನೆಗರನ್ನು ಅರ್ಧಕ್ಕೆ ಇಳಿಸಬೇಕು. ಕೆಂಪು ಕೋಸು ಸೇರಿಸಿದರೆ ಹುಳಿ ತಾಕಿ ಅದರ ಬಣ್ಣ ಗುಲಾಬಿಗೆ ತಿರುಗುತ್ತದೆ, ಬಿಳಿ ಕೋಸಿಗೂ ಹತ್ತುತ್ತದೆ.

ಪ್ರಾಂತ ಬದಲಾದಂತೆ ಕೋಲ್‌ಸ್ಲಾ ಬದಲಾಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಲೆಕ್ಸಿಂಗ್ಟನ್ ಊರಿನ ಕೆಂಪು ಸ್ಲಾದಲ್ಲಿ ಮಯೋನೀಸ್ ಇಲ್ಲ. ವಿನೆಗರ್, ಕೆಚಪ್, ಮೆಣಸು ಕೂಡಿದ ಅದನ್ನು ಕೆಂಡದ ಮೇಲೆ ನಿಧಾನವಾಗಿ ಬೇಯಿಸಿದ ಹಂದಿಮಾಂಸದೊಂದಿಗೆ ತಿನ್ನುತ್ತಾರೆ. ಜಿಡ್ಡಿನ ಮಾಂಸಕ್ಕೆ ಹುಳಿ ಕೋಸು ಜೊತೆಯಾಗುವ ಈ ಲೆಕ್ಕ ಎಲ್ಲೆಡೆಯೂ ಒಂದೇ. ವೆಸ್ಟ್ ವರ್ಜೀನಿಯಾದಲ್ಲಿ ಹಾಟ್ ಡಾಗ್ ಮೇಲೆಯೇ ಕೋಲ್‌ಸ್ಲಾವನ್ನು ಹರಡುತ್ತಾರೆ. ಬ್ರಿಟನ್ನಿನಲ್ಲಿ ಈರುಳ್ಳಿ, ಕ್ಯಾರೆಟ್ ಸೇರಿದ್ದು ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯ ಜೊತೆಗೆ. ಸ್ವೀಡನ್ನಿನಲ್ಲಿ ಪಿಜ್ಜಾ ತರಿಸಿದರೆ ವಿನೆಗರಿನಲ್ಲಿ ನೆನೆದ ಕೋಸಿನ ಸಲಾಡು ತಾನಾಗಿ ಬರುತ್ತದೆ. ಎಲ್ ಸಾಲ್ವಡಾರಿನ ಕುರ್ತಿದೊ ಮಾತ್ರ ಈ ಸಾಲಿನಿಂದ ತುಸು ಆಚೆ. ಅದನ್ನು ಹಲವರು ಸ್ವಲ್ಪ ಹುಳಿಬರಿಸಿಯೇ ತಿನ್ನುವುದರಿಂದ ಉಪ್ಪಿನಕಾಯಿಗೆ ಹತ್ತಿರ.

ಕೋಲ್‌ಸ್ಲಾ ತಿಂದು ಹೊಟ್ಟೆ ಕೆಟ್ಟರೆ ಜನ ಮಯೋನೀಸನ್ನು ದೂರುತ್ತಾರೆ. ಆದರೆ ಆಹಾರವಿಜ್ಞಾನದ ಚರಿತ್ರೆಯಲ್ಲಿ ಈ ತಿನಿಸಿಗೆ ಒಂದು ಪುಟ ಸಿಕ್ಕಿದ್ದು ಕೋಸಿನ ತಪ್ಪಿಗೆ. 1981ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ಮತ್ತು ನೆರೆಯ ಪ್ರಾಂತಗಳಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯ ತರುವ ರೋಗದ 41 ಪ್ರಕರಣಗಳು ಕಂಡುಬಂದವು; ಹೆಚ್ಚಿನವು ಬಸಿರಿಯರು ಮತ್ತು ನವಜಾತ ಶಿಶುಗಳವು. ತನಿಖೆ ಕೋಲ್‌ಸ್ಲಾಕ್ಕೆ, ಅಲ್ಲಿಂದ ಒಂದು ತೋಟದ ಕೋಸಿಗೆ ಕರೆದೊಯ್ದಿತು. ಕುರಿಗೊಬ್ಬರ ಹಾಕಿ ಬೆಳೆದ ಆ ಕೋಸನ್ನು ಚಳಿಗಾಲವಿಡೀ ಶೀತಲ ಸಂಗ್ರಹದಲ್ಲಿ ಇಟ್ಟಿದ್ದರು. ಲಿಸ್ಟೀರಿಯಾ ತಂಪಿನಲ್ಲಿಯೂ ಬೆಳೆಯಬಲ್ಲದು. ಈ ರೋಗ ಆಹಾರದ ಮೂಲಕ ಹರಡುತ್ತದೆಂದು ಸ್ಪಷ್ಟವಾದದ್ದು ಈ ಪ್ರಕರಣದಿಂದ. ಹೀಗಾಗಿ ಫ್ರಿಜ್ಜಿನಲ್ಲಿಟ್ಟ ಕೋಲ್‌ಸ್ಲಾವನ್ನೂ ಮೂರು ದಿನದೊಳಗೆ ಮುಗಿಸಬೇಕು. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹಾಗೆಂದು ಹಸಿ ಮೊಟ್ಟೆಯ ಮಯೋನೀಸ್ ನಿರಪಾಯಕಾರಿಯೇನಲ್ಲ. ಸಾಲ್ಮೊನೆಲ್ಲಾ ಭಯದಿಂದ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದರ ಮಾರಾಟಕ್ಕೆ ತಡೆಯೊಡ್ಡಿದವು.

ನಮ್ಮಲ್ಲಿ ಹಸಿ ಕೋಸೆಂದರೆ ಹಿಂಜರಿಯುವವರು ಬಹಳ. ಕೋಸಿನ ಹುಳು ಮೆದುಳಿಗೆ ಹೋಗುತ್ತದೆಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಅದು ಕೋಸಿನಲ್ಲಿ ಹುಟ್ಟುವ ಹುಳುವಲ್ಲ. ಕೊಳಚೆ ನೀರಿನಿಂದ ಅಂಟಿಕೊಳ್ಳಬಹುದಾದ ಲಾಡಿಹುಳುವಿನ ಮೊಟ್ಟೆ. ಹಸಿಯಾಗಿ ತಿನ್ನುವ ಯಾವ ಸೊಪ್ಪಿಗೂ ಈ ಅಪಾಯ ಉಂಟು. ಹೊರಗಿನ ಎರಡು ಮೂರು ಎಲೆ ಕಿತ್ತೆಸೆದು, ಉಳಿದದ್ದನ್ನು ಬಿಡಿಸಿ ಹರಿಯುವ ನೀರಿನಲ್ಲಿ ತೊಳೆದ ಮೇಲೆಯೇ ಹೆಚ್ಚಬೇಕು.

ಹುರಿದ ಕೋಳಿಯ ಜೊತೆ ಕೋಲ್‌ಸ್ಲಾ ಬಡಿಸುವುದನ್ನು ಜಗತ್ತಿಗೆ ಹಬ್ಬಿಸಿದ ಕೆಎಫ್‌ಸಿ, ಭಾರತದ ತನ್ನ ಮೊದಲ ಅಂಗಡಿ ತೆರೆದದ್ದು 1995ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ. ಮರುವರ್ಷ ರೈತ ಸಂಘದವರು ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದಲ್ಲಿ ಅದರ ವಿರುದ್ಧ ಹೋರಾಡಿದ್ದು ಪ್ರಸಿದ್ಧ. ಆದರೆ ನಗರದ ಮನೆಗಳಲ್ಲಿ ಕೋಲ್‌ಸ್ಲಾ ಬೇರೂರಿದ್ದು ಕೋಳಿಯ ಜೊತೆಗಲ್ಲ, ಮಕ್ಕಳ ಡಬ್ಬಿಯ ಸ್ಯಾಂಡ್‌ವಿಚ್ ಆಗಿ. ಇದಕ್ಕೆ ಹಿಂಡಿದ ಕೋಸೇ ಬೇಕು. ಬ್ರೆಡ್ಡಿನ ಒಳಮೈಗೆ ಅಂಚಿನವರೆಗೂ ಬೆಣ್ಣೆ ಸವರಬೇಕು. ಜಿಡ್ಡಿನ ಆ ಪದರ ಇಲ್ಲದಿದ್ದರೆ ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಬ್ರೆಡ್ಡು ನೆನೆದು ಮುದ್ದೆಯಾಗಿರುತ್ತದೆ.