ಪೂರ್ವಪಕ್ಷದ ಪಾಠ: ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಬಿ.ಎ. ವ್ಯಾಸಂಗ

'ತತ್ತ್ವ' ಎಂಬ ಶಬ್ದವನ್ನು ಬಿಡಿಸಿದರೆ 'ತತ್' ಎಂಬ ಸರ್ವನಾಮವೂ 'ತ್ವ' ಎಂಬ ಭಾವಪ್ರತ್ಯಯವೂ ದೊರೆಯುತ್ತವೆ. ಅದು ಎಂಬುದರ ಅದುತನವೇ ತತ್ತ್ವ. ನಮ್ಮ ಹಿರಿಯರು ಇದೇ ವಿಚಾರವನ್ನು 'ದರ್ಶನ' ಎಂದೂ ಕರೆದರು. ಕಾಣು ಎಂಬರ್ಥದ 'ದೃಶ್' ಧಾತು ಅದರ ಮೂಲ. ಗ್ರೀಕರಲ್ಲಿ ಹುಟ್ಟಿ ಇಂಗ್ಲಿಷಿನ ಮೂಲಕ ನಮ್ಮ ಕಾಲೇಜುಗಳಿಗೆ ಬಂದ 'ಫಿಲಾಸಫಿ' ಎಂಬ ಪದಕ್ಕಾದರೋ ಜ್ಞಾನದಲ್ಲಿ ಪ್ರೀತಿ ಎಂದರ್ಥ. ಒಂದು ಕಾಣ್ಕೆಯನ್ನು ಹೇಳುತ್ತದೆ, ಇನ್ನೊಂದು ಹಂಬಲವನ್ನು ಹೇಳುತ್ತದೆ. ಈ ಎರಡು ಶಬ್ದಗಳ ಹಿಂದಿರುವ ಎರಡು ಪರಂಪರೆಗಳನ್ನು ಇಪ್ಪತ್ತರ ಆಸುಪಾಸಿನ ತರುಣನೊಬ್ಬನು ಒಂದೇ ಪದವಿಗಾಗಿ ಒಟ್ಟಿಗೆ ಓದುವ ಸಂದರ್ಭ ಕನ್ನಡ ನಾಡಿನಲ್ಲಿ ವಿಶೇಷವಾಗಿ ಒದಗಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಆ ವ್ಯಾಸಂಗ ಹೇಗೆ ರೂಪುಗೊಂಡಿತು, ಅದರಿಂದ ವಿದ್ಯಾರ್ಥಿಗೆ ದೊರೆತದ್ದೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದದ್ದು ೧೯೧೬ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಕುಲಾಧಿಪತಿಗಳು, ಎಂ. ವಿಶ್ವೇಶ್ವರಯ್ಯನವರು ಆಗಿನ ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಅಲ್ಲಿಯ ವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳು ೧೮೫೭ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಮದರಾಸಿನ ಪದ್ಧತಿಯಲ್ಲಿ ತತ್ತ್ವಶಾಸ್ತ್ರವೆಂದರೆ ಪ್ರಧಾನವಾಗಿ ಪಾಶ್ಚಾತ್ಯ ತತ್ತ್ವಶಾಸ್ತ್ರ. ತರ್ಕ, ನೀತಿಶಾಸ್ತ್ರ, ಮನಶ್ಶಾಸ್ತ್ರ ಇವು ಅದರ ಅಂಗಗಳು. ಮೈಸೂರಿನಲ್ಲಿ ಆದ ಬದಲಾವಣೆಯ ಮಹತ್ತ್ವ ತಿಳಿಯಬೇಕಾದರೆ ಮದರಾಸಿನ ಆ ತರಗತಿಯಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿಯ ಸ್ಥಿತಿಯನ್ನು ಮೊದಲು ನೋಡಬೇಕು.

ಆ ವಿದ್ಯಾರ್ಥಿ ಸರ್ವೇಪಲ್ಲಿ ರಾಧಾಕೃಷ್ಣನ್. ಅವರು ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಆರಿಸಿಕೊಂಡದ್ದು ಆಕಸ್ಮಿಕ. ಅದೇ ವಿಷಯದಲ್ಲಿ ಪದವಿ ಪಡೆದಿದ್ದ ಬಂಧುವೊಬ್ಬರು ತಮ್ಮ ಪಠ್ಯಪುಸ್ತಕಗಳನ್ನು ಅವರಿಗೆ ಕೊಟ್ಟರು. ಪುಸ್ತಕಗಳಿಗೆ ಹಣವಿಲ್ಲದ ಮನೆಯ ಹುಡುಗನಿಗೆ ಅಷ್ಟರಿಂದಲೇ ವಿಷಯ ನಿಶ್ಚಯವಾಯಿತು. ಆದರೆ ವ್ಯಾಸಂಗ ಮಾತ್ರ ಆಕಸ್ಮಿಕವಾಗಿ ಉಳಿಯಲಿಲ್ಲ. ವೇದಾಂತದಲ್ಲಿ ನೀತಿಗೆ ಎಡೆಯಿಲ್ಲ, ಜಗತ್ತು ಮಿಥ್ಯೆಯೆಂದ ಮೇಲೆ ಒಳಿತು ಕೆಡುಕುಗಳ ಭೇದಕ್ಕೆ ಆಧಾರವೇ ಇಲ್ಲ ಎಂಬ ಆಕ್ಷೇಪ ಆ ಕಾಲದ ಕ್ರೈಸ್ತ ಪಂಡಿತರಿಂದ ಬಲವಾಗಿ ಕೇಳಿಬರುತ್ತಿತ್ತು. ಮನೆಯಲ್ಲಿ ಕಲಿತ ಶ್ರದ್ಧೆ ಒಂದು ಕಡೆ, ತರಗತಿಯಲ್ಲಿ ಕೇಳಿದ ಆಕ್ಷೇಪ ಇನ್ನೊಂದು ಕಡೆ. ಈ ಇಕ್ಕಟ್ಟಿನಿಂದ ಹುಟ್ಟಿದ್ದು ಎಂ.ಎ. ಪದವಿಗಾಗಿ ಅವರು ವೇದಾಂತದ ನೀತಿಯನ್ನು ಕುರಿತು ಬರೆದು ೧೯೦೮ರಲ್ಲಿ ಪ್ರಕಟಿಸಿದ ಪ್ರಬಂಧ. ಆಗ ಅವರಿಗೆ ಇಪ್ಪತ್ತು ವರ್ಷ. ಅವರ ಗುರುಗಳಲ್ಲಿ ಒಬ್ಬರಾದ ಎ.ಜಿ. ಹಾಗ್ ಅವರು ಸ್ವತಃ ಕ್ರೈಸ್ತ ಧರ್ಮಶಾಸ್ತ್ರಜ್ಞರಾಗಿದ್ದರೂ ಶಿಷ್ಯನ ಪ್ರಬಂಧವನ್ನು ಮೆಚ್ಚಿದರು. ಆಕ್ಷೇಪಕ್ಕೆ ಸಿಟ್ಟಾಗದೆ, ಅದನ್ನು ಪೂರ್ತಿ ಕೇಳಿ, ಅದರ ಬಲವನ್ನು ಅಳೆದು ಉತ್ತರ ಹೇಳಬೇಕೆಂಬ ಶಿಕ್ಷಣ ಅಲ್ಲಿ ಆರಂಭವಾಯಿತು.

ಈ ರಾಧಾಕೃಷ್ಣನ್ನರೇ ೧೯೧೮ರಲ್ಲಿ ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಕೇಂಬ್ರಿಜ್ ಮೊದಲಾದೆಡೆ ಕಲಿತು ಬಂದ ಎ.ಆರ್. ವಾಡಿಯಾ ಅವರು ಅದೇ ಕಾಲೇಜಿನಲ್ಲಿ ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನು ಬೋಧಿಸುತ್ತಿದ್ದರು. ಸಂಸ್ಕೃತ ಶಾಖೆಯಲ್ಲಿ ಎಂ. ಹಿರಿಯಣ್ಣನವರಿದ್ದರು. ಒಬ್ಬರು ಪಾರಸಿ ಮನೆತನದವರು, ಒಬ್ಬರು ತೆಲುಗು ಮಾತೃಭಾಷೆಯವರು, ಒಬ್ಬರು ಮೈಸೂರಿನವರೇ. ವಿದ್ಯಾರ್ಥಿಯು ಒಂದು ತರಗತಿಯಲ್ಲಿ ಪ್ಲೇಟೋ, ಕಾಂಟ್ ಮೊದಲಾದವರನ್ನು ಓದಿ, ಇನ್ನೊಂದು ತರಗತಿಯಲ್ಲಿ ನ್ಯಾಯ, ಸಾಂಖ್ಯ, ವೇದಾಂತಗಳನ್ನು ಕೇಳಬಹುದಾಗಿತ್ತು. ೧೯೨೧ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದ ವರೆಗೆ ಎಳೆದುಕೊಂಡು ಹೋದ ಸಂಗತಿ ಪ್ರಸಿದ್ಧವಾಗಿದೆ. ಕಲ್ಕತ್ತೆಯಲ್ಲಿ ಅವರು ಅಲಂಕರಿಸಿದ್ದು ಬ್ರಜೇಂದ್ರನಾಥ ಸೀಲರು ತೆರವು ಮಾಡಿದ ಪೀಠ. ಆ ಸೀಲರೇ ಮೈಸೂರಿಗೆ ಕುಲಪತಿಗಳಾಗಿ ಬಂದರು. ಒಬ್ಬ ದಾರ್ಶನಿಕನನ್ನು ಕಳಿಸಿಕೊಟ್ಟು ಇನ್ನೊಬ್ಬ ದಾರ್ಶನಿಕನನ್ನು ಬರಮಾಡಿಕೊಂಡ ಭಾಗ್ಯ ಆ ಕಾಲದ ಮೈಸೂರಿನದು. ೧೯೨೪ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಶ್ಶಾಸ್ತ್ರವು ಪ್ರತ್ಯೇಕ ಶಾಖೆಯಾಗಿ ಬೆಳೆಯತೊಡಗಿತು.

ಇಂತಹ ವ್ಯಾಸಂಗದ ಫಲವೇನೆಂಬುದನ್ನು ತರ್ಕದ ಒಂದು ಪಾಠದಿಂದಲೇ ತಿಳಿಯಬಹುದು. ಅರಿಸ್ಟಾಟಲನ ಅನುಮಾನಕ್ಕೆ ಮೂರು ಅವಯವಗಳು. ಮನುಷ್ಯರೆಲ್ಲರೂ ಮರ್ತ್ಯರು; ಸಾಕ್ರೆಟೀಸನು ಮನುಷ್ಯ; ಆದುದರಿಂದ ಸಾಕ್ರೆಟೀಸನು ಮರ್ತ್ಯ. ಗೌತಮನ ನ್ಯಾಯದಲ್ಲಿ ಐದು ಅವಯವಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಪರ್ವತದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ, ಈ ಪರ್ವತವೂ ಹಾಗೆ ಹೊಗೆಯುಳ್ಳದ್ದು, ಆದುದರಿಂದ ಅಲ್ಲಿ ಬೆಂಕಿಯಿದೆ. ಎರಡನ್ನೂ ಕಲಿತವನಿಗೆ ಮೂರು ಹೆಚ್ಚೋ ಐದು ಹೆಚ್ಚೋ ಎಂಬ ಪ್ರಶ್ನೆ ಬಾಲಿಶವಾಗಿ ತೋರುತ್ತದೆ. ಮೊದಲನೆಯದು ವಾಕ್ಯಗಳ ಒಳಗಿನ ಸಂಬಂಧವನ್ನು ಬಿಡಿಸಿ ತೋರಿಸುತ್ತದೆ. ಎರಡನೆಯದು ಎದುರಿಗೆ ಕುಳಿತ ಇನ್ನೊಬ್ಬನನ್ನು ಒಪ್ಪಿಸುವ ಕ್ರಮ. ಅವನೂ ಕಂಡಿರುವ ಅಡುಗೆಮನೆಯ ದೃಷ್ಟಾಂತವನ್ನು ಅದು ಬಿಡಲಾರದು. ಹೀಗೆ ಒಂದರ ಸ್ವರೂಪ ಇನ್ನೊಂದರ ಬೆಳಕಿನಲ್ಲಿ ಸ್ಪಷ್ಟವಾಗುತ್ತದೆ.

ಎದುರಿನವನನ್ನು ಬಿಡದಿರುವ ಈ ಗುಣವೇ ನಮ್ಮ ಶಾಸ್ತ್ರಪದ್ಧತಿಯ ಜೀವಾಳ. ಮೊದಲು ಪೂರ್ವಪಕ್ಷ, ಅನಂತರ ಸಿದ್ಧಾಂತ. ಪ್ರತಿಪಕ್ಷದವನು ತನ್ನ ಮತವನ್ನು ತಾನೇ ಹೇಳಿದ್ದರೆ ಎಷ್ಟು ಬಲವಾಗಿ ಹೇಳುತ್ತಿದ್ದನೋ ಅಷ್ಟೇ ಬಲವಾಗಿ ಹೇಳಿದ ಮೇಲೆಯೇ ಖಂಡನೆಗೆ ಅಧಿಕಾರ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ರಚಿತವಾದ 'ಸರ್ವದರ್ಶನಸಂಗ್ರಹ' ಹದಿನಾರು ದರ್ಶನಗಳನ್ನು ನಿರೂಪಿಸುತ್ತದೆ. ಅದರ ಮೊದಲ ಅಧ್ಯಾಯ ಮೀಸಲಾಗಿರುವುದು ವೇದವನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕನಿಗೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿವೆ. ಅವರ ವಿಚಾರ ಇಂದು ನಮಗೆ ತಿಳಿದಿರುವುದು ಹೆಚ್ಚಾಗಿ ಅವರ ವಿರೋಧಿಗಳು ಬರೆದಿಟ್ಟ ಪೂರ್ವಪಕ್ಷಗಳಿಂದ. ನ್ಯಾಯಸೂತ್ರವು ಚರ್ಚೆಯನ್ನು ಮೂರು ವಿಧವೆಂದು ವಿಂಗಡಿಸಿತು. ಸತ್ಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವಿಲ್ಲದೆ ಪರರದನ್ನು ಕೆಡವುವುದಷ್ಟೇ ವಿತಂಡ. ಬಿ.ಎ. ತರಗತಿಯ ಶಿಕ್ಷಣ ಇವುಗಳಲ್ಲಿ ಮೊದಲನೆಯದಕ್ಕೆ ಸಿದ್ಧತೆ.

ಈ ವ್ಯಾಸಂಗದಿಂದ ಮೂಡಿದ ಶ್ರೇಷ್ಠ ಗ್ರಂಥ ಹಿರಿಯಣ್ಣನವರದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅನೇಕ ವರ್ಷ ಮಾಡಿದ ಪಾಠಗಳ ಆಧಾರದ ಮೇಲೆ ಅವರು ಇಂಗ್ಲಿಷಿನಲ್ಲಿ ರಚಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳು ೧೯೩೨ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಕಾಲೇಜು ವಿದ್ಯಾರ್ಥಿಗಳಿಗೆ ಪಠ್ಯವಾಗಲಿ ಎಂಬುದೇ ಲೇಖಕರ ಆಶಯ. ಭಾರತೀಯ ದರ್ಶನವು ಸತ್ಯವನ್ನು ತಿಳಿಯುವುದರಲ್ಲಿ ನಿಲ್ಲದೆ ಅದನ್ನು ಬಾಳಿನಲ್ಲಿ ತಂದುಕೊಳ್ಳುವ ವರೆಗೆ ಸಾಗುತ್ತದೆ ಎಂಬುದು ಅವರ ಮುಖ್ಯ ಪ್ರತಿಪಾದನೆ. ತಮ್ಮದಲ್ಲದ ಮತವನ್ನು ನಿರೂಪಿಸುವಾಗಲೂ ಅವರ ಧ್ವನಿ ಏರುವುದಿಲ್ಲ. ಭೌತವಾದಕ್ಕೂ ಅಲ್ಲಿ ಒಂದು ಅಧ್ಯಾಯವಿದೆ.

ಆದರೆ ಪಠ್ಯಕ್ಕೆ ಎಲ್ಲೆ ಇದ್ದೇ ಇರುತ್ತದೆ. ಮೈಸೂರಿನಲ್ಲಿ ಮೈತಳೆದ ಆ ಗ್ರಂಥದಲ್ಲಿ ಕನ್ನಡ ನಾಡಿನಲ್ಲಿಯೇ ಬೆಳೆದ ಎರಡು ವಿಚಾರಧಾರೆಗಳಿಗೆ ಪ್ರತ್ಯೇಕ ಅಧ್ಯಾಯ ದೊರೆಯಲಿಲ್ಲ. ಮಧ್ವರ ದ್ವೈತಕ್ಕೆ ಹಿರಿಯಣ್ಣನವರು ೧೯೪೯ರ ತಮ್ಮ ಇನ್ನೊಂದು ಗ್ರಂಥದಲ್ಲಿ ಎಡೆ ಮಾಡಿಕೊಟ್ಟರು. ಶರಣರ ವಿಚಾರಕ್ಕೆ ಭಾರತೀಯ ತತ್ತ್ವಶಾಸ್ತ್ರದ ದೊಡ್ಡ ಇತಿಹಾಸವೊಂದರಲ್ಲಿ ವಿಸ್ತಾರವಾದ ಸ್ಥಾನ ದೊರೆತದ್ದು ಸುರೇಂದ್ರನಾಥ ದಾಸಗುಪ್ತರ ಐದನೆಯ ಸಂಪುಟದಲ್ಲಿ. ಅದು ಅವರ ನಿಧನಾನಂತರ ೧೯೫೫ರಲ್ಲಿ ಹೊರಬಂದಿತು. ಅಲ್ಲಿಯೂ ಆಧಾರಗಳು ಹೆಚ್ಚಾಗಿ ಸಂಸ್ಕೃತ ಗ್ರಂಥಗಳೇ. ವಚನಗಳು ಸೂತ್ರ-ಭಾಷ್ಯಗಳ ರೂಪದಲ್ಲಿರಲಿಲ್ಲ, ಸಂಸ್ಕೃತದಲ್ಲಿರಲಿಲ್ಲ; ಆದುದರಿಂದ ಅವು ಕನ್ನಡದ ಎಂ.ಎ. ತರಗತಿಗೆ ಸಾಹಿತ್ಯವಾಗಿ ಸಂದವು, ತತ್ತ್ವಶಾಸ್ತ್ರದ ತರಗತಿಯ ಹೊರಗೆ ಉಳಿದವು. ಪ್ರಶ್ನೆ, ಆಕ್ಷೇಪ, ಸಮಾಧಾನಗಳ ಕ್ರಮದಲ್ಲಿ ವಚನಗಳನ್ನು ಸಂವಾದವಾಗಿ ಜೋಡಿಸಿದ 'ಶೂನ್ಯಸಂಪಾದನೆ'ಯಂತಹ ಕೃತಿ ಪೂರ್ವಪಕ್ಷದ ಶಿಸ್ತನ್ನು ಕಲಿಸಲು ಎಷ್ಟು ಯೋಗ್ಯವಾದದ್ದೆಂಬುದನ್ನು ಓದಿದವರು ಬಲ್ಲರು. ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರ ವರೆಗೆ ಅದನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದ ಮೇಲೆ ಕನ್ನಡವರಿಯದ ತತ್ತ್ವಶಾಸ್ತ್ರಜ್ಞರಿಗೂ ಅದು ದಕ್ಕುವಂತಾಯಿತು.

ಇನ್ನು ಭಾಷೆಯ ವಿಚಾರ. ಆ ಕಾಲದ ಬೋಧನೆಯೆಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳಹೊರಟರೆ ವಿಚಿತ್ರವಾದ ತೊಡಕು. ಬೇಕಾದ ಪದಗಳು ಸಂಸ್ಕೃತದಲ್ಲಿ ಸಿದ್ಧವಾಗಿದ್ದವು; ಆದರೆ ಅವು ಕನ್ನಡದ ಬಾಯಿಗೆ ಬೀಳುವಷ್ಟರಲ್ಲಿ ಅರ್ಥ ಬದಲಾಗಿತ್ತು. ತರ್ಕದಲ್ಲಿ 'ಅನುಮಾನ'ವೆಂದರೆ ಹೇತುವಿನಿಂದ ಪಡೆದ ನಿಶ್ಚಿತ ಜ್ಞಾನ. ಕನ್ನಡಿಗನಿಗೆ ಅದು ಸಂದೇಹ. ಶಾಸ್ತ್ರದಲ್ಲಿ 'ಪ್ರಮಾಣ'ವೆಂದರೆ ಯಥಾರ್ಥ ಜ್ಞಾನದ ಸಾಧನ. ಕನ್ನಡಿಗನಿಗೆ ಅದು ಆಣೆ. 'ಸಾಮಾನ್ಯ'ವೆಂದರೆ ಹಲವು ವ್ಯಕ್ತಿಗಳಲ್ಲಿ ಸಮಾನವಾಗಿರುವ ಜಾತಿ. ಕನ್ನಡಿಗನಿಗೆ ಅದು ಅತಿಶಯವಿಲ್ಲದ್ದು. ಹಳ್ಳಿಯಿಂದ ಬಂದ ವಿದ್ಯಾರ್ಥಿ ಇಂಗ್ಲಿಷಿನ ಅಪರಿಚಿತ ಪದವನ್ನು ಕಲಿಯಬೇಕಿತ್ತು, ತನ್ನ ಭಾಷೆಯ ಪರಿಚಿತ ಪದವನ್ನು ಮರೆತು ಮತ್ತೆ ಕಲಿಯಬೇಕಿತ್ತು. ೧೯೪೬ರಲ್ಲಿ ಪ್ರಕಟವಾದ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಈ ಭಾರವನ್ನು ಸ್ವಲ್ಪಮಟ್ಟಿಗೆ ಇಳಿಸಿತು.

ಈ ತರಗತಿಗಳಿಂದ ಹೊರಬಂದವರಲ್ಲಿ ಕನ್ನಡ ಸಾಹಿತ್ಯದ ಇಬ್ಬರನ್ನು ಇಲ್ಲಿ ಹೆಸರಿಸಬಹುದು. ಕುವೆಂಪು ಅವರು ೧೯೨೭ರಲ್ಲಿ ತತ್ತ್ವಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ೧೯೨೯ರಲ್ಲಿ ಕನ್ನಡದಲ್ಲಿ ಎಂ.ಎ. ಪದವಿ ಪಡೆದರು. ತಮ್ಮ ಮಹಾಕಾವ್ಯಕ್ಕೆ ಅವರು 'ಶ್ರೀರಾಮಾಯಣ ದರ್ಶನಂ' ಎಂದು ಹೆಸರಿಟ್ಟದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ. ೧೯೫೬ರಿಂದ ೧೯೬೦ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅವರು ಎಲ್ಲ ಶಾಸ್ತ್ರಗಳನ್ನೂ ಕನ್ನಡದಲ್ಲಿ ಬೋಧಿಸಬೇಕೆಂದು ಶ್ರಮಿಸಿದರು. ತಾವು ಓದಿದ ಶಾಸ್ತ್ರದ ಭಾಷಾಕಷ್ಟವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಇನ್ನೊಬ್ಬರು ೨೦೨೫ರಲ್ಲಿ ನಿಧನರಾದ ಎಸ್.ಎಲ್. ಭೈರಪ್ಪನವರು. ಬಾಲ್ಯದಲ್ಲಿಯೇ ಒಡಹುಟ್ಟಿದವರನ್ನೂ ತಾಯಿಯನ್ನೂ ಪ್ಲೇಗಿಗೆ ಕಳೆದುಕೊಂಡ ಅವರನ್ನು ತತ್ತ್ವಶಾಸ್ತ್ರದ ಕಡೆಗೆ ನಡೆಸಿದ್ದು ಸಾವು ಎಂದರೇನು ಎಂಬ ಪ್ರಶ್ನೆ. ಮಹಾರಾಜಾ ಕಾಲೇಜಿನಲ್ಲಿ ಆ ವಿಷಯದಲ್ಲಿ ಆನರ್ಸ್ ಮುಗಿಸಿ, ಮೈಸೂರಿನಲ್ಲಿಯೇ ಎಂ.ಎ. ಮಾಡಿ, ಬರೋಡದಲ್ಲಿ ಸತ್ಯ ಮತ್ತು ಸೌಂದರ್ಯಗಳ ಸಂಬಂಧವನ್ನು ಕುರಿತು ಡಾಕ್ಟರೇಟ್ ಪಡೆದರು. ಪದವಿ ಅವರ ಪ್ರಶ್ನೆಯನ್ನು ಪರಿಹರಿಸಿತೆಂದು ಹೇಳಬೇಕಾಗಿಲ್ಲ. ಪ್ರಶ್ನೆಯನ್ನು ಹಿಡಿದುಕೊಂಡು ಬಾಳುವ ಕ್ರಮವನ್ನು ಅದು ಕಲಿಸಿತು. ೧೯೬೫ರ 'ವಂಶವೃಕ್ಷ'ದಲ್ಲಿ ಶ್ರೋತ್ರಿಯರ ಧರ್ಮನಿಷ್ಠೆಗೂ ವಿಧವೆಯಾದ ಸೊಸೆ ಕಾತ್ಯಾಯಿನಿಯ ಬಾಳಿನ ಹಕ್ಕಿಗೂ ಸಮವಾದ ಮಾತು ದೊರೆತಿದೆ. ಅವರ ನಿಲುವುಗಳನ್ನು ಒಪ್ಪುವವರೂ ಒಪ್ಪದವರೂ ಆ ಕಾದಂಬರಿಯನ್ನು ಇಂದಿಗೂ ಚರ್ಚಿಸುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇಂದು ಕರ್ನಾಟಕದ ಬಹುಪಾಲು ಕಾಲೇಜುಗಳಲ್ಲಿ ಬಿ.ಎ. ಪದವಿಗೆ ತತ್ತ್ವಶಾಸ್ತ್ರ ದೊರೆಯುವುದಿಲ್ಲ. ಅದನ್ನು ಓದಿದರೆ ಉದ್ಯೋಗವೇನು ಎಂದು ತಂದೆತಾಯಿಗಳು ಕೇಳುತ್ತಾರೆ. ಅದು ಅನ್ಯಾಯದ ಪ್ರಶ್ನೆಯಲ್ಲ, ಬಡತನದಲ್ಲಿ ಓದಿದ ರಾಧಾಕೃಷ್ಣನ್ನರ ಮನೆಯಲ್ಲಿಯೂ ಆ ಚಿಂತೆ ಇಲ್ಲದಿರಲಿಲ್ಲ. ಆದರೆ ಒಂದು ಶಾಖೆ ಮುಚ್ಚಿದಾಗ ನಷ್ಟವಾಗುವುದು ಪ್ಲೇಟೋವಿನ ಅಥವಾ ಗೌತಮನ ಮಾಹಿತಿಯಲ್ಲ. ಮಾಹಿತಿ ಗ್ರಂಥಗಳಲ್ಲಿ ಇದ್ದೇ ಇದೆ. ನಷ್ಟವಾಗುವುದು ಅಭ್ಯಾಸ. ತಾನು ಒಪ್ಪದ ಮತವನ್ನು ಅದರ ಅನುಯಾಯಿಯೇ ತಲೆದೂಗುವಂತೆ ಹೇಳಿ, ಅನಂತರ ತನ್ನ ಮಾತಿಗೆ ತೊಡಗುವ ಅಭ್ಯಾಸ. ಅದು ಹುಟ್ಟಿನಿಂದ ಬರುವುದಲ್ಲ, ಭಕ್ತಿಯಿಂದ ತಾನಾಗಿ ಬರುವುದೂ ಅಲ್ಲ. ಗುರುವಿನ ಮುಂದೆ, ಸಹಪಾಠಿಗಳ ನಡುವೆ, ವರ್ಷಗಟ್ಟಲೆ ತಿದ್ದಿಸಿಕೊಂಡು ಕಲಿಯಬೇಕಾದದ್ದು. ಜಲ್ಪವೂ ವಿತಂಡವೂ ಎಲ್ಲೆಲ್ಲಿಯೂ ಧಾರಾಳವಾಗಿರುವ ಈ ಕಾಲದಲ್ಲಿ ವಾದವನ್ನು ಕಲಿಸುವ ತರಗತಿಗಳು ಕಾಲೇಜಿನಲ್ಲಿಯೇ ಆಗಲಿ, ಮಠದ ಪಾಠಶಾಲೆಯಲ್ಲಿಯೇ ಆಗಲಿ, ಊರಿನ ವಾಚನಾಲಯದಲ್ಲಿಯೇ ಆಗಲಿ ನಡೆಯಬೇಕು. ಹತ್ತು ಜನ ವಿದ್ಯಾರ್ಥಿಗಳೂ ಒಬ್ಬ ತಾಳ್ಮೆಯ ಉಪಾಧ್ಯಾಯರೂ ಇದ್ದರೆ ಅದಕ್ಕೆ ಸಾಕು.