ಮಳೆ ನಿಂತಿತು, ಗಾಲಿ ಹೊರಟಿತು



ಕಳೆದ ರವಿವಾರದ ಕಾರ್ಯಕ್ರಮದಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯೇ? ಮಳೆಗಾಲ ಮುಗಿದ ಮೇಲೆ ಪುಣೆಯ ಸುತ್ತಮುತ್ತ ಸೈಕಲ್ ಮೇಲೋ ಸ್ಕೂಟರ್ ಮೇಲೋ ನೀವು ಮಾಡಿದ ಮರೆಯಲಾಗದ ತಿರುಗಾಟ ಯಾವುದು ಎಂದು. ತುಂಬಾ ಜನ ಫೋನ್ ಮಾಡಿದಿರಿ. ಸಿಂಹಗಡದ ಪಿಠಲ-ಭಾಕರಿ ಬಂತು, ಖಡಕ್‌ವಾಸಲಾ ದಂಡೆಯ ಸುಟ್ಟ ಗೋವಿನಜೋಳದ ತೆನೆ ಬಂತು. ಕೊನೆಯ ಕರೆ ಒಬ್ಬ ಕಾಕೂ ಅವರದು. ತವರು ಹಾನಗಲ್ಲು. 1973ರಲ್ಲಿ ಮದುವೆಯಾಗಿ ಪುಣೆಗೆ ಬಂದವರು. ಅವರ ಮಾತನ್ನು ಅವರ ಧಾಟಿಯಲ್ಲೇ ಕೇಳಿ:

"ಯವ್ವಾ, ನಮ್ಮನ್ಯಾಗ ಒಂದು ಹಳೇ ಚೇತಕ್ ಐತಿ. ನಮ್ಮವರು ಹೋದ ಮ್ಯಾಲ ಮೂಲ್ಯಾಗ ನಿಂತೈತಿ. ದಸರಾ ಆದ ಮ್ಯಾಲ ಗುಜರಿಗೆ ಹಾಕೋಣು ಅಂತಾನ ಮಗ. ಹಾಕಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ಮ್ಯಾಲ ಎಷ್ಟು ತಿರಿಗೇವಿ ಅಂತೀ! ಅದನ್ನೆಲ್ಲಾ ರೇಡಿಯೋದಾಗ ಹೇಳೂವಂಥಾದ್ದು ಏನೈತಿ ಬಿಡು. ನಾವೇನು ಇತಿಹಾಸದಾಗಿನವರಾ?"

ಫೋನ್ ಇಟ್ಟ ಮೇಲೂ ಆ ಕೊನೆಯ ಮಾತು ನನ್ನನ್ನು ಬಿಡಲಿಲ್ಲ. ಈ ಸಂಚಿಕೆಯ ಬರಹ ಕಾಕೂ ಅವರಿಗೆ ನನ್ನ ಉತ್ತರ. ನೀವೂ ಓದಿ.

ಹೊರಡುವ ಋತು

ಮೊದಲು ಹೇಳಿ, ಆಶ್ವಯುಜ ಬಂದ ಕೂಡಲೇ ನಮಗೆಲ್ಲ ಮನೆಯಲ್ಲಿ ಕೂರಲಾಗುವುದಿಲ್ಲವಲ್ಲ, ಏಕೆ? ಹಸಿರು ಗುಡ್ಡ, ತೊಳೆದಿಟ್ಟಂಥ ಆಕಾಶ, ಬೆಳಗಿನ ಮಂಜು, ದಾರಿಯ ಎರಡೂ ಬದಿಗೆ ಹಳದಿ ಸೋನ್ಕಿ ಹೂ... ಇದೆಲ್ಲ ಇದ್ದದ್ದೇ. ಮಧ್ಯಾಹ್ನವಾದರೆ ಪುಣೆಯವರು 'ಆಕ್ಟೋಬರ್ ಹೀಟ್' ಎಂದು ಗೊಣಗುವ ಬಿಸಿಲೂ ಇದೆ. ಆದರೂ ಹೊರಡುತ್ತೇವೆ. ಈ ತುಡಿತ ನಮ್ಮ ಕಾಲದ್ದಲ್ಲ, ಬಹಳ ಹಳೆಯದು.

ಸೇತುವೆಗಳಿಲ್ಲದ ಕಾಲವನ್ನು ಊಹಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯಲ್ಲಿ ಜಡಿಮಳೆ. ಹೊಳೆಗಳು ತುಂಬಿ ಹರಿಯುತ್ತವೆ. ಎರೆಮಣ್ಣಿನಲ್ಲಿ ಬಂಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ವ್ಯಾಪಾರಿ, ಸೈನಿಕ, ಸನ್ಯಾಸಿ ಎಲ್ಲರೂ ಇದ್ದಲ್ಲೇ ಇರಬೇಕು. ಶರದೃತು ಬಂದು ನೀರಿಳಿದು ದಾರಿ ಗಟ್ಟಿಯಾದಾಗಲೇ ಮತ್ತೆ ಪಯಣ. ಮರಾಠರ ದಂಡು ದಂಡಯಾತ್ರೆಗೆ ಹೊರಡುತ್ತಿದ್ದುದು ವಿಜಯದಶಮಿಯ ನಂತರ. ಊರ ಗಡಿ ದಾಟುವ 'ಸೀಮೋಲ್ಲಂಘನ' ಎಂಬ ಶಾಸ್ತ್ರ ಹುಟ್ಟಿದ್ದೇ ಹಾಗೆ. ನಾವು ಬನ್ನಿ ಕೊಟ್ಟು ಬಂಗಾರ ಎನ್ನುತ್ತೇವೆ, ಇಲ್ಲಿಯವರು ಆಪ್ಟಾ ಎಲೆ ಕೊಟ್ಟು 'ಸೋನಂ' ಎನ್ನುತ್ತಾರೆ. ಎಲೆ ಬೇರೆ, ಅರ್ಥ ಒಂದೇ: ಮಳೆ ಮುಗಿಯಿತು, ಇನ್ನು ಹೊರಡು!

ಕುದುರೆ, ಎತ್ತುಗಳ ಜಾಗಕ್ಕೆ ಮುಂದೆ ಸೈಕಲ್ ಬಂತು, ಸ್ಕೂಟರ್ ಬಂತು. ಖಂಡೇನವಮಿಗೆ ಕತ್ತಿ-ಗುರಾಣಿಯ ಜಾಗದಲ್ಲಿ ಹ್ಯಾಂಡಲ್‌ಗೆ ಚೆಂಡುಹೂವಿನ ಹಾರ ಬಿತ್ತು, ಗಾಲಿಯ ಕೆಳಗೆ ನಿಂಬೆಹಣ್ಣು ಬಂತು. ಶಾಸ್ತ್ರ ಮಾತ್ರ ಉಳಿಯಿತು.

ಡಬಲ್ ಸೀಟ್, ಇಳೀರಿ!

ಒಂದು ಕಾಲಕ್ಕೆ ಪುಣೆಗೆ 'ಸೈಕಲ್‌ಗಳ ಊರು' ಎಂದೇ ಹೆಸರು. ಕಾರಣ ದೊಡ್ಡ ರಹಸ್ಯವೇನಲ್ಲ. ಪೇಟೆಗಳು ಒತ್ತೊತ್ತಾಗಿದ್ದವು, ದಾರಿ ಬಹುಮಟ್ಟಿಗೆ ಸಮತಟ್ಟು, ಕಾಲೇಜುಗಳು ಹತ್ತಿರ. ಖಡಕಿಯ ಮದ್ದುಗುಂಡು ಕಾರ್ಖಾನೆಗೆ, ಪಿಂಪ್ರಿಯಲ್ಲಿ 1954ರಲ್ಲಿ ಬಂದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ಗೆ, ಆಮೇಲೆ ಸಾಲುಸಾಲಾಗಿ ಬಂದ ಕಾರ್ಖಾನೆಗಳಿಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ಸೈಕಲ್‌ಗಳ ಹೊಳೆಯೇ ಹರಿಯುತ್ತಿತ್ತು. ಸ್ವಂತದ್ದಿಲ್ಲದವರಿಗೆ ತಾಸಿನ ಬಾಡಿಗೆಯ ಸೈಕಲ್ ಅಂಗಡಿ ಇದ್ದೇ ಇತ್ತು.

ರಾತ್ರಿ ದೀಪವಿಲ್ಲದೆ ಹೋದರೆ ದಂಡ. ಸೈಕಲ್ ಮೇಲೆ ಇಬ್ಬರು ಕೂತರೂ ದಂಡ. ಇದಕ್ಕೆ 'ಡಬಲ್ ಸೀಟ್' ಎಂಬ ಮಾತು ಇಂದಿಗೂ ಮರಾಠಿಯಲ್ಲಿ ಉಳಿದಿದೆ. ಕಾಕೂ ಹೇಳಿದ್ದು ಕೇಳಿ: "ಚೌಕ ಬಂತು ಅಂದ್ರ ನಾ ಇಳಿದು ನಡೀಲಿಕ್ಕೆ ಹತ್ತೂದು. ಪೊಲೀಸಪ್ಪನ್ನ ದಾಟಿ ಮುಂದ ಹೋಗಿ ಇವರು ನಿಲ್ಲೂದು. ಮತ್ತ ನಾ ಹತ್ತೂದು. ಖಡಕ್‌ವಾಸಲಾ ಮುಟ್ಟೂದ್ರಾಗ ಅರ್ಧಾ ದಾರಿ ನಾ ನಡದೇ ಇರತಿದ್ದೆ!"

ನಕ್ಕುಬಿಟ್ಟಿರಲ್ಲ? ಆದರೆ ಯೋಚಿಸಿ. ವಾರಕ್ಕೊಂದೇ ರಜೆ, ಕೈಯಲ್ಲಿ ಕಾಸು ಕಡಿಮೆ. ಭಾಷೆ ಗೊತ್ತಿಲ್ಲದ ಊರಿಗೆ ಬಂದ ಒಬ್ಬ ಹುಡುಗಿ ಆ ಊರನ್ನು ತನ್ನದು ಮಾಡಿಕೊಂಡದ್ದು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು. ಇಂಥ ಹಳೆಯ ಸೈಕಲ್‌ಗಳನ್ನು ನೋಡಬೇಕೆಂದರೆ ಕರ್ವೆನಗರದಲ್ಲಿ 2017ರಲ್ಲಿ ತೆರೆದ ಸೈಕಲ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಸ್ಕೂಟರ್ ಬರುವಷ್ಟರಲ್ಲಿ ಮಗಳು ಮೂರನೇ ಇಯತ್ತೆ

ಪುಣೆಯ ಆಕುರ್ಡಿಯಲ್ಲಿ ಬಜಾಜ್ ಕಾರ್ಖಾನೆ ಎದ್ದದ್ದು 1960ರ ದಶಕದಲ್ಲಿ. ಇಟಲಿಯ ಪಿಯಾಜಿಯೋ ಕಂಪನಿಯ ಒಪ್ಪಂದದಲ್ಲಿ ಮೊದಲು ವೆಸ್ಪಾ ತಯಾರಾಯಿತು. 1971ರಲ್ಲಿ ಒಪ್ಪಂದ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು 'ಚೇತಕ್' ಬಂತು.

ಬಂತು ಎಂದರೆ ಅಂಗಡಿಗೆ ಬಂತು ಎಂದಲ್ಲ! ಒಂದು ಕಾರ್ಖಾನೆ ವರ್ಷಕ್ಕೆ ಎಷ್ಟು ಸ್ಕೂಟರ್ ಮಾಡಬೇಕೆಂದು ಲೈಸೆನ್ಸ್ ಕೊಟ್ಟು ನಿಗದಿಪಡಿಸುತ್ತಿದ್ದುದು ಸರಕಾರ. ಬೇಕೆನ್ನುವವರು ಲಕ್ಷಗಟ್ಟಲೆ, ಆಗುವುದು ಅದರಲ್ಲಿ ಚೂರು. ಹಣ ಕಟ್ಟಿ ನಂಬರ್ ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಡಾಲರ್, ಪೌಂಡ್‌ಗಳಲ್ಲಿ ಹಣ ಕಟ್ಟುವ ಬಂಧುಗಳು ವಿದೇಶದಲ್ಲಿದ್ದರೆ ಬೇಗ ಸಿಗುತ್ತಿತ್ತು. ಅಂಥವರಿಲ್ಲದವರಿಗೆ ಸರದಿಯೇ ಗತಿ. ಕಾಕೂ ಅವರ ಯಜಮಾನರು 1974ರಲ್ಲಿ ನಂಬರ್ ಹಚ್ಚಿದರು. ಮಗಳು ಆಗ ತೊಟ್ಟಿಲಲ್ಲಿ. ಸ್ಕೂಟರ್ ಮನೆಗೆ ಬಂದದ್ದು 1982ರಲ್ಲಿ. ಮಗಳು ಆಗ ಮೂರನೇ ಇಯತ್ತೆ. ಆಕೆ ಮುಂದೆ ನಿಂತು, ತಮ್ಮ ನಡುವೆ ಕೂತು, ಕಾಕೂ ಹಿಂದೆ ಒಂದು ಬದಿಗೆ ಕಾಲಿಟ್ಟು ಬುತ್ತಿಯ ಚೀಲ ಹಿಡಿದು... ಈ ಚಿತ್ರ ನಿಮ್ಮ ಮನೆಯ ಆಲ್ಬಮ್‌ನಲ್ಲೂ ಇರಬಹುದು, ಒಮ್ಮೆ ತೆಗೆದು ನೋಡಿ. ಬೆಳಿಗ್ಗೆ ಚಾಲೂ ಆಗದಿದ್ದರೆ ಸ್ಕೂಟರನ್ನು ಒಂದು ಬದಿಗೆ ಬಾಗಿಸಿ ಎತ್ತಿ ಕಿಕ್ ಹೊಡೆಯುವುದನ್ನು ಯಾರೂ ಕಲಿಸಿಕೊಡಲಿಲ್ಲ, ಎಲ್ಲರಿಗೂ ಬರುತ್ತಿತ್ತು!

ಅದೇ 1972ರಲ್ಲಿ ಪುಣೆಯದೇ ಕೈನೆಟಿಕ್ ಕಂಪನಿ ಲೂನಾ ತಂದಿತ್ತು. ಪೆಡಲ್ ಉಳ್ಳ 50 ಸಿಸಿಯ ಹಗುರ ಗಾಡಿ. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು. ಗೇರ್ ಇಲ್ಲ, ಕಿಕ್ ಹೊಡೆಯುವ ಕಷ್ಟವಿಲ್ಲ, ಗುಂಡಿ ಒತ್ತಿದರೆ ಸಾಕು. ಹಿಂದೆ ಕೂರುತ್ತಿದ್ದ ಎಷ್ಟೋ ಹೆಂಗಸರು ಮುಂದೆ ಬಂದು ಹ್ಯಾಂಡಲ್ ಹಿಡಿದದ್ದು ಈ ಗಾಡಿಗಳಿಂದ. ಸ್ಕೂಟರ್ ಮೇಲೆ ಸ್ಟುಡಿಯೋಗೆ ಬರುವ ನಾನೂ ಆ ಸಾಲಿನವಳೇ.

ದಾರಿಯಲ್ಲಿ ಸಿಗುವವರು

ಈಗ ಕಾಕೂ ಅವರ ಪ್ರಶ್ನೆಗೆ ಬರೋಣ. ಈ ತಿರುಗಾಟದಲ್ಲಿ ಇತಿಹಾಸ ಎಲ್ಲಿದೆ?

ಜಂಗ್ಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ನೀವು ಹೋಗಿಯೇ ಇರುತ್ತೀರಿ. ಕರಿಕಲ್ಲಿನ ಬಂಡೆಯಲ್ಲೇ ಕೊರೆದ ಗುಹಾಲಯ, ಎದುರಿಗೆ ದುಂಡಗಿನ ನಂದಿ ಮಂಟಪ. ಇದು 8ನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಎಲ್ಲೋರದ ಕೈಲಾಸ ದೇವಾಲಯದ ಹೆಸರಿನೊಂದಿಗೆ ನೆನೆಯುವ ಅದೇ ಒಂದನೆಯ ಕೃಷ್ಣನ 768ರ ತಾಮ್ರಪಟದಲ್ಲಿ 'ಪೂನಕ ವಿಷಯ' ಎಂಬ ಹೆಸರಿದೆ. ಅದೇ ಇಂದಿನ ಪುಣೆಯ ಸೀಮೆ. ಥೇವೂರಿನ ಹೆಸರೂ ಆ ತಾಮ್ರಪಟದಲ್ಲಿ ಬರುತ್ತದೆ. ಚಿಂತಾಮಣಿ ಗಣಪತಿಯ ದರ್ಶನಕ್ಕೆಂದು ನೀವು ಸೈಕಲ್ ತುಳಿದು ಹೋಗುವ ಥೇವೂರು ಇದೇ! ಇದೇ ವಂಶದ ಅಮೋಘವರ್ಷನ ಕಾಲದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದ್ದು ಬಿ.ಎ. ತರಗತಿಯಲ್ಲಿ ನಾವೆಲ್ಲ ಓದಿದ ಪಾಠ.

ದಿವೆ ಘಾಟ್ ಹತ್ತಿ ಸಾಸವಡ ದಾಟಿದರೆ ಪುರಂದರ ಕೋಟೆ. 1665ರಲ್ಲಿ ಶಿವಾಜಿ ಮಹಾರಾಜರಿಗೂ ಮಿರ್ಜಾ ರಾಜಾ ಜಯಸಿಂಗನಿಗೂ ನಡೆದ ಒಪ್ಪಂದಕ್ಕೆ ಇದರದೇ ಹೆಸರು. ನಮ್ಮ ಪುರಂದರದಾಸರ ಹುಟ್ಟೂರು ಇದೇ ಎಂದು ಬಹುಕಾಲ ನಂಬಿದ್ದೆವು, ಪುಸ್ತಕಗಳಲ್ಲೂ ಹಾಗೇ ಇತ್ತು. ಈಚಿನ ವಿದ್ವಾಂಸರು ತೀರ್ಥಹಳ್ಳಿ ಸೀಮೆಯ ಕಡೆ ಬೆರಳು ತೋರಿಸುತ್ತಾರೆ. ಪರ ಊರಿನಲ್ಲಿರುವ ನಮಗೆ ಎಲ್ಲೆಲ್ಲೂ ನಮ್ಮವರನ್ನು ಕಾಣುವ ಆಸೆ ಇರುತ್ತದೆ. ಆಸೆ ತಪ್ಪಲ್ಲ, ಆದರೆ ಆಸೆಯೇ ಆಧಾರವಲ್ಲ. ಅದಕ್ಕೇ ನಾನು ಕಾಕೂ ಅವರಿಗಾಗಿ ಕಲ್ಲಿನಲ್ಲಿ ಬರೆದಿರುವ ಒಂದು ಆಧಾರ ಹುಡುಕಿ ಹೋದೆ.

ಬನವಾಸಿಯ ಸೆಟ್ಟಿ

"ನೀವು ಹೆಚ್ಚು ಸಲ ಹೋದದ್ದು ಎಲ್ಲಿಗೆ ಕಾಕೂ?" ಎಂದು ಫೋನಿನಲ್ಲಿ ಕೇಳಿದ್ದೆ. "ಕಾರ್ಲಾ ಗುಹೆಗೆ. ದೀಪಾವಳಿ ಆದ ಮ್ಯಾಲಿನ ರವಿವಾರ. ಪ್ರತೀ ವರ್ಷ" ಎಂದಿದ್ದರು. ಹಳೆಯ ಮುಂಬಯಿ-ಪುಣೆ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್. ದಾರಿಯಲ್ಲಿ ಆಕುರ್ಡಿ ಬಂದಾಗಲೆಲ್ಲ ಅವರ ಯಜಮಾನರು ಹಾರ್ನ್ ಹೊಡೆದು, "ಇದರ ತವರುಮನಿ ಬಂತು ನೋಡು" ಎನ್ನುತ್ತಿದ್ದರಂತೆ!

ಮೊನ್ನೆ ನಸುಕಿನಲ್ಲಿ ನಾನೂ ಅದೇ ದಾರಿ ಹಿಡಿದೆ. ಬೋರ್ ಘಾಟಿನ ಈ ಹಾದಿ ಬಹಳ ಪುರಾತನ. ಕೊಂಕಣದ ಬಂದರುಗಳಿಂದ ದಖ್ಖನ್ನಿಗೆ ಸರಕು ಹತ್ತುತ್ತಿದ್ದುದು ಇಲ್ಲಿಂದ. ಬ್ರಿಟಿಷರು 1830ರಲ್ಲಿ ಇಲ್ಲಿ ಗಾಡಿರಸ್ತೆ ತೆರೆದರು, 1863ರಲ್ಲಿ ರೈಲು ಘಾಟ್ ಏರಿತು. ಅದಕ್ಕೆಲ್ಲ ಎಷ್ಟೋ ಶತಮಾನ ಮೊದಲೇ, ಸುಮಾರು ಎರಡು ಸಾವಿರ ವರ್ಷದ ಹಿಂದೆ, ಈ ದಾರಿಯ ಮಗ್ಗುಲ ಗುಡ್ಡದಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕೊರೆದದ್ದು ಕಾರ್ಲಾ ಚೈತ್ಯ. ಉದ್ದ 124 ಅಡಿ, ಎತ್ತರ 45 ಅಡಿ. ಕಮಾನು ಚಾವಣಿಗೆ ಅಂದು ಕೂರಿಸಿದ ಮರದ ತೊಲೆಗಳು ಇಂದಿಗೂ ಇವೆ. ಎದುರಿಗೇ ಕೋಳಿ ಜನರ ಏಕವೀರಾ ದೇವಿಯ ಗುಡಿ.

ಮಳೆಗಾಲದಲ್ಲಿ ಭಿಕ್ಷುಗಳು ಅಲೆಯುವಂತಿಲ್ಲ, ಒಂದೆಡೆ ನಿಂತು 'ವರ್ಷಾವಾಸ' ಮಾಡಬೇಕು. ಹಾಗೆ ಇಲ್ಲಿ ಮಳೆಗಾಲ ಕಳೆಯುವವರ ಪೋಷಣೆಗೆಂದು ಉಷವದಾತನೆಂಬವನು ಒಂದು ಹಳ್ಳಿಯನ್ನೇ ದಾನ ಕೊಟ್ಟ ಶಾಸನ ಇಲ್ಲಿದೆ. ಮಳೆ ನಿಂತ ಮೇಲೆ ಅವರೂ ಹೊರಡುತ್ತಿದ್ದರು, ನಮ್ಮ ಹಾಗೆಯೇ.

ಮೊಗಸಾಲೆಯ ಎಡತುದಿಯಲ್ಲಿ ಇನ್ನೊಂದು ಶಾಸನವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲುಮನೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂಬುದು ಅದರ ಸಾರಾಂಶ. ವೈಜಯಂತಿ ಎಂದರೆ ಯಾವ ಊರು ಗೊತ್ತೇ? ವಿದ್ವಾಂಸರು ಗುರುತಿಸುವಂತೆ ಅದು ಬನವಾಸಿ! ವರದಾ ನದಿಯ ದಂಡೆಯ ನಮ್ಮ ಬನವಾಸಿ, ಮುಂದೆ ಕದಂಬರ ರಾಜಧಾನಿಯಾದ, ಪಂಪ ಹಂಬಲಿಸಿದ ಬನವಾಸಿ. ಕದಂಬರಿಗೂ ಮೊದಲೇ ಅಲ್ಲಿಯ ಒಬ್ಬ ಸೆಟ್ಟಿ ಐನೂರು ಕಿಲೋಮೀಟರಿಗೂ ಮಿಕ್ಕಿ ದೂರದ ಈ ಘಾಟಿಗೆ ನಂಟು ಬೆಳೆಸಿದ್ದ. ಅವನು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದನೋ ಶಾಸನ ಹೇಳುವುದಿಲ್ಲ. ಊರಿನ ಹೆಸರನ್ನು ಮಾತ್ರ ಮರೆಯದೆ ಬರೆಸಿದ. ಪರ ಊರಿನಲ್ಲಿ ಮನೆ ಕಟ್ಟಿ ಬಾಗಿಲಿಗೆ ತನ್ನೂರಿನ ಹೆಸರಿಡುವ ನಮ್ಮ ಚಾಳಿ ನೋಡಿ, ಎಷ್ಟು ಹಳೆಯದು!

ಗುಡ್ಡ ಇಳಿದ ಕೂಡಲೇ ಕಾಕೂ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: "ಎಡಕ್ಕಂದ್ರ, ಆನೀ ಕೆತ್ತ್ಯಾರಲ್ಲ, ಆ ಬಾಜೂಕ?" ಹೌದೆಂದೆ.

"ಅಯ್ಯ ಶಿವನ! ಅಲ್ಲೇ ಕುಂತು ಬುತ್ತಿ ಬಿಚ್ಚತಿದ್ವಿ. ಚಪಾತಿ, ಮೆಂತ್ಯಾ ಪಲ್ಲೆ. ಏನೋ ಬರದಾರ ಅಂತ ಇವರು ದಿಟ್ಟಿಸಿ ನೋಡತಿದ್ರು, ಓದಾಕ ಬರತಿರಲಿಲ್ಲ. ಅಂದ್ರ ಇಷ್ಟು ವರ್ಷ ನಮ್ಮ ಹಾನಗಲ್ ಕಡೆಯವನ ಮನೀ ಕಟ್ಟೀ ಮ್ಯಾಲೇ ಊಟಾ ಮಾಡಿದ್ವಿ ಅನ್ನು!"

ಕಾಕೂ, ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ. ಮಳೆ ನಿಂತಾಗ ಊರಿಂದ ಹೊರಟವರು, ಕಂಡ ಜಾಗವನ್ನು ಮೆಚ್ಚಿ ಮತ್ತೆ ಮತ್ತೆ ಬಂದವರು, ಅಲ್ಲಿ ಕೂತು ತಮ್ಮೂರನ್ನು ನೆನೆದವರು... ಇತಿಹಾಸದಾಗಿನವರು ಅಂದರೆ ಇವರೇ. ಭೂತಪಾಲನಿಗೆ ಕಲ್ಲು ಸಿಕ್ಕಿತು, ನಿಮಗೆ ಒಂದು ಸ್ಕೂಟರ್ ಸಿಕ್ಕಿತು, ಅಷ್ಟೇ ವ್ಯತ್ಯಾಸ.

ಹಾಗೆಂದು ಸ್ಕೂಟರ್ ಉಳಿಯಿತು ಎಂದುಕೊಳ್ಳಬೇಡಿ. ಬಜಾಜ್ ಕಂಪನಿಯೇ ಹಳೆಯ ಚೇತಕ್ ತಯಾರಿಕೆಯನ್ನು 2005ರ ಸುಮಾರಿಗೆ ನಿಲ್ಲಿಸಿತು. 2020ರಲ್ಲಿ ಅದೇ ಹೆಸರಿನ ಬ್ಯಾಟರಿ ಸ್ಕೂಟರ್ ಬಂತು. ಕಾಕೂ ಅವರ ಗಾಡಿ ಗುಜರಿಗೆ ಹೋಗುವುದು ಖಚಿತ. ಆದರೆ ಅವರು ಮಗನಿಗೆ ಹೇಳಿದ್ದಾರಂತೆ: "ಈ ಸಲದ ಖಂಡೇನವಮಿಗೆ ತೊಳದು, ಹಾರಾ ಹಾಕಿ, ನಿಂಬಿಹಣ್ಣು ಇಡೂಣು. ಆಮ್ಯಾಲ ಒಯ್ಯಿ."

ಕೇಳುಗರೇ, ನೀವೂ ಈ ಶರದೃತುವಿನಲ್ಲಿ ಹೊರಡಿ. ಬಿಸಿಲೇರುವ ಮುನ್ನ, ಆರು ಗಂಟೆಗೇ ಮನೆ ಬಿಡಿ. ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರಗಳಿಗೆ ಪ್ರವೇಶವಿಲ್ಲ, ಹಳೆಯ ರಸ್ತೆಯೇ ನಮ್ಮದು. ಹೆಲ್ಮೆಟ್ ಮರೆಯಬೇಡಿ. ಕಾರ್ಲಾಕ್ಕೆ ಹೋದರೆ ಮೊಗಸಾಲೆಯ ಎಡಕ್ಕೆ ತಿರುಗಿ, ಬನವಾಸಿಯ ಆ ಸೆಟ್ಟಿಗೊಂದು ನಮಸ್ಕಾರ ಹೇಳಿ. ನಿಮ್ಮ ಮೂಲೆಯಲ್ಲಿ ನಿಂತಿರುವ ಗಾಡಿಯ ಕಥೆಯನ್ನು ನಮಗೆ ಬರೆದು ಕಳಿಸಿ. ರವಿವಾರ ಎಂದಿನಂತೆ ಮತ್ತೆ ಸಿಗೋಣ. ಅಲ್ಲಿಯವರೆಗೆ ನಮಸ್ಕಾರ, ದಸರೆಯ ಶುಭಾಶಯಗಳು.